ರೆಡ್‌ವುಡ್ ಕಾಡಿಗೆ ಹೊರಡುವ ಮುನ್ನ

ಬೇಸಿಗೆಯಲ್ಲಿ ಮಗನ ಮನೆಗೋ ಮಗಳ ಮನೆಗೋ ಎಂದು ಕ್ಯಾಲಿಫೋರ್ನಿಯಾಕ್ಕೆ ಹೋಗುವ ನಮ್ಮ ಹಿರಿಯರಿಗೆ ಅಲ್ಲಿನ ಮಕ್ಕಳು ತೋರಿಸುವ ಜಾಗಗಳು ಹೆಚ್ಚುಕಮ್ಮಿ ಗೊತ್ತಾದವೇ: ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರ್ ದೇವಸ್ಥಾನ, ಯೊಸೆಮಿಟಿ, ಸಮಯ ಮಿಕ್ಕರೆ ಮ್ಯೂರ್ ವುಡ್ಸ್ ಎಂಬ ರೆಡ್‌ವುಡ್ ಕಾಡಿನಲ್ಲಿ ಒಂದು ಗಂಟೆ. ಆ ಒಂದು ಗಂಟೆಯನ್ನು ಮೂರು ದಿನವಾಗಿಸಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಭೂಮಿಯ ಮೇಲಿನ ಅತಿ ಎತ್ತರದ ಮರಗಳಾದ ರೆಡ್‌ವುಡ್‌ಗಳಿರುವ ಹಳೆಯ ಕಾಡು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ ದೂರದಲ್ಲಿದೆ. ಅಷ್ಟು ಹತ್ತಿರವಿದ್ದೂ ನೋಡದೆ ವಾಪಸಾಗುವವರೇ ಹೆಚ್ಚು.

ಹೊರಡುವ ಮೊದಲು ಒಂದು ಆಸೆಯನ್ನು ಮನೆಯಲ್ಲೇ ಬಿಡಬೇಕು. ಲೋಕದಲ್ಲೇ ಅತಿ ಎತ್ತರದ ಮರ ಹೈಪೀರಿಯನ್. ಅಳತೆ ಸುಮಾರು 115.9 ಮೀಟರ್. ಕ್ರಿಸ್ ಅಟ್ಕಿನ್ಸ್ ಮತ್ತು ಮೈಕೆಲ್ ಟೇಲರ್ 2006ರಲ್ಲಿ ಇದನ್ನು ಪತ್ತೆ ಮಾಡಿದರು. ಜಾಗವನ್ನು ಗುಟ್ಟಾಗಿಟ್ಟರೂ ಇಂಟರ್ನೆಟ್‌ನಲ್ಲಿ ಸುಳಿವು ಹಬ್ಬಿತು, ಜನ ಪೊದೆ ತುಳಿದುಕೊಂಡು ಬಂದರು. ಬುಡದ ಸುತ್ತಲಿನ ಜರೀಗಿಡಗಳೆಲ್ಲ ಹೋಗಿ ಬರಿ ನೆಲ ಉಳಿಯಿತು. 2022ರಿಂದ ಅಲ್ಲಿಗೆ ಹೋಗುವುದೇ ನಿಷಿದ್ಧ. ಸಿಕ್ಕಿಬಿದ್ದರೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ದಂಡದ ಮಾತು ಹಾಗಿರಲಿ, ಅಲ್ಲಿ ನೋಡಲು ಹೆಚ್ಚೇನೂ ಇಲ್ಲ. ಬುಡದಲ್ಲಿ ನಿಂತವರಿಗೆ ನೆತ್ತಿ ಕಾಣುವುದಿಲ್ಲ. ನೂರು ಮೀಟರ್ ದಾಟಿದ ಮರಗಳು ರಸ್ತೆ ಪಕ್ಕದ ಕಾಲುಹಾದಿಗಳಲ್ಲೇ ಸಿಗುತ್ತವೆ. ಇಂಥ ಮರಗಳನ್ನು ಬೆಳೆಸಿದ ಕಾಡನ್ನು ನೋಡಲು ಹೋಗಿ. ಒಂದೇ ಮರದ ಬೆನ್ನು ಹತ್ತಬೇಡಿ.

ಆ ಕಾಡಿನ ಬಗ್ಗೆ ಸ್ವಲ್ಪ ತಿಳಿದುಕೊಂಡು ಹೋದರೆ ಕಣ್ಣು ಎಲ್ಲಿ ನಿಲ್ಲಬೇಕೆಂದು ಗೊತ್ತಾಗುತ್ತದೆ. ನಮ್ಮಲ್ಲಿ ಮುಂಗಾರು ಸುರಿಯುವ ತಿಂಗಳುಗಳಲ್ಲಿ ಅಲ್ಲಿ ಮಳೆಯೇ ಇಲ್ಲವೆನ್ನಬಹುದು. ಮಳೆಗಾಲವೆಂದರೆ ಚಳಿಗಾಲ, ಹೆಚ್ಚಾಗಿ ನವೆಂಬರ್‌ನಿಂದ ಮಾರ್ಚ್‌. ಹಾಗಿದ್ದೂ ಜೂನ್, ಜುಲೈ, ಆಗಸ್ಟ್‌ನಲ್ಲಿ ಈ ಮರಗಳು ಬದುಕುವುದು ಪೆಸಿಫಿಕ್ ಕಡಲಿನಿಂದ ಏರಿಬರುವ ಮಂಜಿನಿಂದ. ತಣ್ಣನೆಯ ಕಡಲ ನೀರಿನ ಮೇಲೆ ಹುಟ್ಟುವ ಮಂಜು ಕಣಿವೆಗಳಿಗೆ ನುಗ್ಗಿ ಎಲೆಗಳಿಗೆ ಅಂಟಿ, ಹನಿಗೂಡಿ ನೆಲಕ್ಕೆ ತೊಟ್ಟಿಕ್ಕುತ್ತದೆ. ಟಾಡ್ ಡಾಸನ್ ಎಂಬ ವಿಜ್ಞಾನಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರು ಅಳೆದ ಕಾಡಿಗೆ ವರ್ಷದಲ್ಲಿ ಸಿಗುವ ನೀರಿನ ಸುಮಾರು ಮೂರನೇ ಒಂದು ಪಾಲು ಮಂಜಿನದೇ ಎಂದು ಕಂಡುಬಂತು. ಎಲೆಗಳು ಮಂಜಿನ ನೀರನ್ನು ನೇರವಾಗಿಯೂ ಹೀರಿಕೊಳ್ಳುತ್ತವೆ. ಆದ್ದರಿಂದ ಬೆಳಿಗ್ಗೆ ಮಂಜು ಮುಸುಕಿದೆ ಎಂದು ಹೋಟೆಲಿನಲ್ಲಿ ಕಾಯುತ್ತ ಕೂರಬೇಡಿ. ಕಾಡಿಗೆ ಹೋಗಲು ಅದೇ ಸರಿಯಾದ ಹೊತ್ತು. ಮಳೆಯಿಲ್ಲದ ದಿನ ಮರದಡಿ ನಿಂತರೆ ಹೆಗಲು ಒದ್ದೆಯಾಗುತ್ತದೆ.

ನೂರು ಮೀಟರ್ ಎತ್ತರಕ್ಕೆ ನೀರು ಏರಿಸುವುದು ಮರಕ್ಕೆ ಸುಲಭವಲ್ಲ. ಎತ್ತರ ಹೆಚ್ಚಿದಷ್ಟೂ ಗುರುತ್ವದ ವಿರುದ್ಧ ಎಳೆಯುವ ಬಿಗಿತ ಹೆಚ್ಚುತ್ತದೆ. ನೆತ್ತಿಯ ಎಲೆಗಳು ಸದಾ ಬಾಯಾರಿದ ಸ್ಥಿತಿಯಲ್ಲಿರುತ್ತವೆ. ಜಾರ್ಜ್ ಕೋಚ್, ಸ್ಟೀಫನ್ ಸಿಲೆಟ್ ಮತ್ತು ಜೊತೆಗಾರರು ಈ ಮರಗಳನ್ನೇರಿ ಅಳೆದು, ಮರವೊಂದು ಬೆಳೆಯಬಹುದಾದ ಎತ್ತರದ ಮಿತಿ 122ರಿಂದ 130 ಮೀಟರ್ ಎಂದು 2004ರಲ್ಲಿ ಲೆಕ್ಕ ಹಾಕಿದರು. ಈ ಬಾಯಾರಿಕೆಯನ್ನು ನೀವೂ ಕೈಯಲ್ಲಿ ಹಿಡಿದು ನೋಡಬಹುದು. ಗಾಳಿಗೆ ಬಿದ್ದ ರೆಂಬೆಗಳು ಹಾದಿಯಲ್ಲಿ ಸಿಗುತ್ತವೆ. ಕೆಳಗಿನ ಕೊಂಬೆಯದಾದರೆ ಎಲೆಗಳು ಚಪ್ಪಟೆ, ಉದ್ದ, ಎರಡು ಬದಿಗೂ ಹಣಿಗೆಯ ಹಲ್ಲಿನಂತೆ ಹರಡಿರುತ್ತವೆ. ನೆತ್ತಿಯದಾದರೆ ಮೊಟಕಾಗಿ, ಚೂಪಾಗಿ, ಕಡ್ಡಿಗೆ ಒತ್ತಿಕೊಂಡಿರುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಮರದವೆಂದು ನಂಬುವುದು ಕಷ್ಟ. ನೋಡಿ ಅಲ್ಲೇ ಬಿಟ್ಟು ಬನ್ನಿ. ಕಾಯಿ, ರೆಂಬೆ ಯಾವುದನ್ನೂ ಮನೆಗೆ ತರುವಂತಿಲ್ಲ.

ಕಾಯಿ ತೀರಾ ಚಿಕ್ಕದು, ಎರಡು ಮೂರು ಸೆಂಟಿಮೀಟರ್ ಅಷ್ಟೇ. ಬೀಜದಿಂದ ಹುಟ್ಟಿ ಉಳಿಯುವ ಸಸಿಗಳೂ ಅಪರೂಪ. ರೆಡ್‌ವುಡ್ ಹೆಚ್ಚಾಗಿ ಮುಂದುವರಿಯುವುದು ಬುಡದ ಗಂಟುಗಳಿಂದ ಒಡೆಯುವ ಚಿಗುರಿನಿಂದ. ತಾಯಿಮರ ಸತ್ತು ಕರಗಿಹೋದ ಮೇಲೂ ಆ ಚಿಗುರುಗಳು ಬೆಳೆದು ಮರಗಳಾಗಿ ವೃತ್ತವಾಗಿ ನಿಂತಿರುತ್ತವೆ. ನಡುವೆ ಖಾಲಿ ಜಾಗ ಬಿಟ್ಟು ಸುತ್ತ ನಿಂತ ದೈತ್ಯರನ್ನು ಕಂಡರೆ, ನಡುವಿನ ಜಾಗದಲ್ಲಿ ಅವುಗಳ ತಾಯಿ ಇತ್ತೆಂದು ತಿಳಿಯಿರಿ. ಗೇಣುದ್ದಕ್ಕೂ ಮೀರಿ ದಪ್ಪವಾಗಬಲ್ಲ ನಾರುನಾರಾದ ತೊಗಟೆ ಬೆಂಕಿಯನ್ನು ತಡೆಯುತ್ತದೆ, ಮರದೊಳಗಿನ ಟ್ಯಾನಿನ್ ಹುಳು, ಕೊಳೆತಗಳನ್ನು ದೂರವಿಡುತ್ತದೆ. ಕೆಲವು ಮರಗಳು ಎರಡು ಸಾವಿರ ವರ್ಷ ದಾಟಿರುವುದು ಹಾಗೆಯೇ. ಮುದಿಯಾದರೆ ಬೆಳವಣಿಗೆ ನಿಲ್ಲುತ್ತದೆ ಎಂಬ ನಮ್ಮ ಊಹೆಯೂ ಇಲ್ಲಿ ಸುಳ್ಳು. ಎತ್ತರ ನಿಧಾನವಾದರೂ ಬೊಡ್ಡೆಯೂ ಕೊಂಬೆಗಳೂ ಸೇರಿ ಹಳೆಯ ದೊಡ್ಡ ಮರ ಒಂದು ವರ್ಷದಲ್ಲಿ ಕಟ್ಟುವ ಹೊಸ ಮರದ ರಾಶಿ, ಎಳೆಯ ಮರ ಕಟ್ಟುವುದಕ್ಕಿಂತ ಎಷ್ಟೋ ಹೆಚ್ಚು. ಇನ್ನೊಂದು ಕಡೆ, ದೊಡ್ಡವರ ನೆರಳಲ್ಲಿ ಸಿಕ್ಕ ಸಣಕಲು ರೆಡ್‌ವುಡ್ ನೂರಾರು ವರ್ಷ ಹಾಗೇ ಕಾದು, ಪಕ್ಕದ ಮರ ಬಿದ್ದು ಬೆಳಕು ತೆರೆದ ದಿನದಿಂದ ಸರ್ರನೆ ಮೇಲೇಳಬಲ್ಲದು.

ಇನ್ನು ದಾರಿಯ ವಿಷಯ. ಸ್ಯಾನ್ ಫ್ರಾನ್ಸಿಸ್ಕೋದಿಂದ 101ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಡಿ. ಸಾಂಟಾ ರೋಸಾ, ಯುಕೈಯಾ, ವಿಲಿಟ್ಸ್ ದಾಟಿ ಗಾರ್ಬರ್‌ವಿಲ್ ತಲುಪಿದಾಗ ಪೆಟ್ರೋಲ್ ತುಂಬಿಸಿಕೊಳ್ಳಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಕಾಡೊಳಗೆ ಹೆಚ್ಚಿನ ಕಡೆ ಸಿಗ್ನಲ್ ಇಲ್ಲ. ಅಲ್ಲಿಂದ ಮುಂದೆ ಫಿಲಿಪ್ಸ್‌ವಿಲ್‌ನಲ್ಲಿ ಹೆದ್ದಾರಿ ಬಿಟ್ಟು ಅವೆನ್ಯೂ ಆಫ್ ದ ಜೈಂಟ್ಸ್‌ಗೆ ತಿರುಗಿ. ಸುಮಾರು 50 ಕಿಲೋಮೀಟರಿನ ಈ ಹಳೆಯ ರಸ್ತೆ ಹಂಬೋಲ್ಟ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕಿನ ನಡುವೆ ಈಲ್ ನದಿಯ ಜೊತೆಜೊತೆಗೆ ಸಾಗುತ್ತದೆ.

ದಾರಿಯಲ್ಲಿ ಮರದ ಬುಡದೊಳಗೆ ಕಾರು ಓಡಿಸುವ ಜಾಗಗಳ ಬೋರ್ಡುಗಳು ಕರೆಯುತ್ತವೆ. ಹೋಗಬೇಡಿ ಎನ್ನುತ್ತೇನೆ. ಸಾವಿರ ವರ್ಷದ ಮರದ ಒಡಲನ್ನು ಕೊರೆದು ಮಾಡಿದ ಆಟ ಅದು. ಯೊಸೆಮಿಟಿಯಲ್ಲಿ 1881ರಲ್ಲಿ ಹಾಗೆ ಕೊರೆದ ವಾವೋನಾ ಮರ 1969ರ ಹಿಮದ ಭಾರಕ್ಕೆ ಉರುಳಿತು; ಕ್ಯಾಲವೆರಸ್‌ನ ಪಯನೀರ್ ಕ್ಯಾಬಿನ್ ಮರ 2017ರ ಜನವರಿಯ ಮಳೆಗಾಳಿಗೆ ಬಿತ್ತು.

ಅವೆನ್ಯೂ ಆಫ್ ದ ಜೈಂಟ್ಸ್‌ನಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಫೌಂಡರ್ಸ್ ಗ್ರೋವ್ ಎಂಬ ತೋಪಿಗೆ. ಹಾದಿ ಒಂದು ಕಿಲೋಮೀಟರೂ ಇಲ್ಲ, ಸಮತಟ್ಟು, ಮಂಡಿನೋವಿನವರೂ ನಡೆಯಬಹುದು. ಅರ್ಧ ಗಂಟೆಯಲ್ಲಿ ಮುಗಿಯುವ ಈ ಸುತ್ತಿಗೆ ಎರಡು ಗಂಟೆ ಇಟ್ಟುಕೊಳ್ಳಿ. ಇಲ್ಲಿ ಮಲಗಿರುವುದು ಡೈಯರ್‌ವಿಲ್ ಜೈಂಟ್. 110 ಮೀಟರಿನಷ್ಟು ಎತ್ತರವಿದ್ದ ಈ ಮರ 1991ರ ಮಾರ್ಚ್‌ನಲ್ಲಿ, ಮಳೆಗೆ ನೆಂದು ಸಡಿಲವಾದ ನೆಲದಲ್ಲಿ, ಬುಡಸಮೇತ ಉರುಳಿತು. ಅದರ ಬೇರಿನ ಕಡೆಗೆ ಹೋಗಿ ನಿಲ್ಲಿ. ಇಷ್ಟು ಎತ್ತರದ ಮರಕ್ಕೆ ತಾಯಿಬೇರೇ ಇಲ್ಲ! ಬೇರುಗಳು ಆಳಕ್ಕೆ ಇಳಿಯುವುದು ಎರಡರಿಂದ ನಾಲ್ಕು ಮೀಟರ್ ಮಾತ್ರ. ಅಡ್ಡಕ್ಕೆ ಮೂವತ್ತು ಮೀಟರಿನವರೆಗೂ ಹರಡಿ ನೆರೆಮರಗಳ ಬೇರಿನೊಡನೆ ಹೆಣೆದುಕೊಳ್ಳುತ್ತವೆ. ಹಾದಿ ಬಿಟ್ಟು ಕಾಲಿಡಬೇಡಿ ಎಂದು ಅಲ್ಲಲ್ಲಿ ಬರೆದಿರುವುದೇಕೆಂದು ಇದನ್ನು ನೋಡಿದರೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಹೆಜ್ಜೆಗೆ ಗಟ್ಟಿಯಾದ ಮಣ್ಣಿನಲ್ಲಿ ಮೇಲ್ಪದರದ ಬೇರಿಗೆ ನೀರೂ ಗಾಳಿಯೂ ಸಿಗುವುದಿಲ್ಲ.

ಆಮೇಲೆ ಬಿದ್ದ ದಿಮ್ಮಿಯ ಉದ್ದಕ್ಕೂ ನಡೆಯಿರಿ. ತೊಗಟೆಯ ಬಿರುಕುಗಳಲ್ಲಿ ಪಾಚಿ, ಪಾಚಿಯ ಮೇಲೆ ಜರೀಗಿಡ, ಅದರ ನಡುವೆ ಬೇರೆ ಜಾತಿಯ ಮರಗಳ ಸಸಿಗಳು. ನೆರಳಿನ ತೇವದಲ್ಲಿ ಬನಾನಾ ಸ್ಲಗ್ ಎಂಬ, ಚಿಪ್ಪಿಲ್ಲದ ಹಳದಿ ಬಸವನಹುಳು ಸಿಕ್ಕೀತು, ಮುಟ್ಟದೆ ನೋಡಿ. ಈ ದಿಮ್ಮಿ ಪೂರ್ತಿ ಮಣ್ಣಾಗಲು ನೂರಾರು ವರ್ಷ ಬೇಕು. ಅಲ್ಲಿಯವರೆಗೂ ಅದು ನೀರು ಹಿಡಿದಿಟ್ಟುಕೊಂಡು ಕಾಡಿಗೆ ಉಣಿಸುತ್ತಿರುತ್ತದೆ. ನಿಂತ ಮರದ ಮೇಲೂ ಇನ್ನೊಂದು ಲೋಕವಿದೆ. ದೊಡ್ಡ ಕವಲುಗಳಲ್ಲಿ ಉದುರಿದ ಎಲೆ ಕೊಳೆತು ಮಣ್ಣಾಗಿ, ಅಲ್ಲಿ ಜರೀಗಿಡದ ಹಾಸು, ಹಕಲ್‌ಬೆರಿ ಪೊದೆ ಬೆಳೆದು, ಸಾಲಮಾಂಡರ್‌ಗಳೂ ವಾಸವಾಗಿರುವುದನ್ನು ಮರವೇರಿದ ವಿಜ್ಞಾನಿಗಳು ಕಂಡರು. ಕಡಿದು ಮತ್ತೆ ಬೆಳೆಸಿದ ಕಾಡಿನಲ್ಲಿ ರೆಡ್‌ವುಡ್ ಮರಗಳಿರುತ್ತವೆ, ಆದರೆ ಇಂಥ ಅಟ್ಟ ಕಟ್ಟಲು ಶತಮಾನಗಳು ಬೇಕು.

ಪಕ್ಕದಲ್ಲೇ ರಾಕೆಫೆಲರ್ ಫಾರೆಸ್ಟ್ ಇದೆ, ಒಂದೇ ಹರವಿನಲ್ಲಿ ಉಳಿದ ಹಳೆಯ ರೆಡ್‌ವುಡ್ ಕಾಡುಗಳಲ್ಲಿ ಅತಿ ದೊಡ್ಡದು. ತೋಪುಗಳಿಗೆಲ್ಲ ಜನರ ಹೆಸರೇಕೆ ಎಂದು ಅನಿಸಬಹುದು. ಕೊಡಲಿಗಿಂತ ಮೊದಲು ಇಲ್ಲಿ ಸುಮಾರು 20 ಲಕ್ಷ ಎಕರೆ ಹಳೆಯ ಕಾಡಿತ್ತು; ಉಳಿದದ್ದು ನೂರಕ್ಕೆ ಐದರಷ್ಟು. 1918ರಲ್ಲಿ ಹುಟ್ಟಿದ ಸೇವ್ ದ ರೆಡ್‌ವುಡ್ಸ್ ಲೀಗ್ ಚಂದಾ ಎತ್ತಿ, ಮರದ ಕಂಪನಿಗಳಿಂದ ತುಂಡುತುಂಡಾಗಿ ಕೊಂಡು ಉಳಿಸಿದ ಜಾಗಗಳಿವು. ಹಣ ಕೊಟ್ಟವರ ಹೆಸರು ಫಲಕದಲ್ಲಿದೆ. ಇವರೆಲ್ಲರಿಗಿಂತ ಮುಂಚಿನಿಂದ, ಇನ್ನೂ ಉತ್ತರದ ಕ್ಲಾಮತ್ ನದಿಯ ದಂಡೆಯಲ್ಲಿ ಯುರೋಕ್ ಜನ ರೆಡ್‌ವುಡ್‌ನಿಂದ ದೋಣಿ ಕೊರೆದು, ಹಲಗೆ ಸೀಳಿ ಮನೆ ಕಟ್ಟಿ ಬಾಳಿದ್ದಾರೆ. ಈಗಲೂ ಅಲ್ಲೇ ಇದ್ದಾರೆ.

ರಾತ್ರಿ ಯುರೇಕಾ ಅಥವಾ ಆರ್ಕೇಟಾದಲ್ಲಿ ತಂಗಿ. ಮರುದಿನ ಇನ್ನೊಂದು ಗಂಟೆ ಉತ್ತರಕ್ಕೆ ಹೋದರೆ ಆರಿಕ್ ಊರು, ಅದರಾಚೆ 1968ರಲ್ಲಿ ಆದ ರೆಡ್‌ವುಡ್ ನ್ಯಾಷನಲ್ ಪಾರ್ಕ್. ಇದರ ಜೊತೆಗೆ ಮೂರು ಸ್ಟೇಟ್ ಪಾರ್ಕ್‌ಗಳನ್ನೂ ಸೇರಿಸಿ ನೋಡಿಕೊಳ್ಳುತ್ತಾರೆ. ಲೇಡಿ ಬರ್ಡ್ ಜಾನ್ಸನ್ ಗ್ರೋವ್ ಬೆಟ್ಟದ ಮೇಲಿರುವುದರಿಂದ ಮಂಜು ಮರಗಳ ನಡುವೆಯೇ ಓಡಾಡುತ್ತದೆ. ಮೇ, ಜೂನ್‌ನಲ್ಲಿ ರೋಡೋಡೆಂಡ್ರಾನ್ ಹೂ ಬಿಟ್ಟಿರುತ್ತದೆ. ಮುಂದೆ ಪ್ರೇರಿ ಕ್ರೀಕ್‌ನಲ್ಲಿ ಹೆದ್ದಾರಿ ಬಿಟ್ಟು ನ್ಯೂಟನ್ ಡ್ರೂರಿ ಪಾರ್ಕ್‌ವೇ ಹಿಡಿಯಿರಿ. ಅಲ್ಲಿನ ಹುಲ್ಲುಗಾವಲಿನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಮೇಯುತ್ತವೆ. ಸೆಲ್ಫಿಗೆಂದು ಹತ್ತಿರ ಹೋಗಬೇಡಿ, ಗಂಡು ಎಲ್ಕ್ ಏರಿಬರುತ್ತದೆ. ಫರ್ನ್ ಕ್ಯಾನಿಯನ್‌ಗೆ ಬೇಸಿಗೆಯಲ್ಲಿ ಮುಂಚೆಯೇ ಪರ್ಮಿಟ್ ಬೇಕು. ಟಾಲ್ ಟ್ರೀಸ್ ಗ್ರೋವ್‌ಗೂ ಬೇಕು, ಇಳಿದು ಹತ್ತುವ ದಾರಿ, ಹಿರಿಯರಿದ್ದರೆ ಬಿಡಿ. ಮೂರನೆಯ ದಿನವಿದ್ದರೆ ಕ್ರೆಸೆಂಟ್ ಸಿಟಿಯ ಬಳಿಯ ಸ್ಟೌಟ್ ಗ್ರೋವ್ ತಪ್ಪಿಸಬೇಡಿ.

ಬುತ್ತಿಯ ವಿಷಯ ಒತ್ತಿ ಹೇಳಬೇಕು. ಪುಳಿಯೋಗರೆ, ಚಿತ್ರಾನ್ನ, ಚಪಾತಿ ಕಟ್ಟಿಕೊಂಡೇ ಹೋಗುತ್ತೇವೆ, ಹೋಗಬೇಕು ಕೂಡ. ದಾರಿಯಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಕಮ್ಮಿ. ಆದರೆ ಒಂದು ಕಡಲೆಬೀಜವೂ ನೆಲಕ್ಕೆ ಬೀಳಬಾರದು. ಮಾರ್ಬಲ್ಡ್ ಮರ್ರೆಲೆಟ್ ಎಂಬ ಕಡಲಹಕ್ಕಿ ಮೀನು ಹಿಡಿಯುವುದು ಸಮುದ್ರದಲ್ಲಿ, ಇಲ್ಲಿ ಮೊಟ್ಟೆಯಿಡುವುದು ಈ ಹಳೆಯ ಕಾಡಿನ ಪಾಚಿ ಹಾಸಿದ ಅಗಲ ಕೊಂಬೆಗಳ ಮೇಲೆ, ಅದೂ ಒಂದೇ ಮೊಟ್ಟೆ. ಬಿಗ್ ಬೇಸಿನ್ ಪಾರ್ಕಿನ ಡಗ್ಲಸ್ ಫರ್ ಮರವೊಂದರಲ್ಲಿ 1974ರಲ್ಲಿ ಇದರ ಗೂಡು ಸಿಕ್ಕಾಗ ಪಕ್ಷಿತಜ್ಞರ ಎಷ್ಟೋ ವರ್ಷಗಳ ಹುಡುಕಾಟ ಫಲಿಸಿತು. ನಾವು ಚೆಲ್ಲಿದ ಅನ್ನದ ಅಗುಳಿಗೆ ಸ್ಟೆಲ್ಲರ್ಸ್ ಜೇ ಎಂಬ ನೀಲಿ ಹಕ್ಕಿಗಳೂ ರೇವನ್ ಕಾಗೆಗಳೂ ಬರುತ್ತವೆ. ಬಂದವು ಮರ್ರೆಲೆಟ್ ಮೊಟ್ಟೆಯನ್ನೂ ಮರಿಯನ್ನೂ ತಿನ್ನುತ್ತವೆ. ಪಿಕ್ನಿಕ್ ಮೇಜಿನ ಮೇಲೆ ಪೇಪರ್ ಹಾಸಿ, ಉಂಡಾದ ಮೇಲೆ ಅದರ ಸಮೇತ ಸುತ್ತಿಕೊಂಡು ಕಾರಿಗೆ ಹಾಕಿ.

ಜುಲೈಯಲ್ಲೂ ಸ್ವೆಟರ್ ಬೇಕು. ನೀರು ನುಗ್ಗದ ಶೂ ಇದ್ದರೆ ಒಳ್ಳೆಯದು. ಮೂರು ಎಲೆ ಒಟ್ಟಿಗಿರುವ ಪಾಯ್ಸನ್ ಓಕ್ ಮುಟ್ಟಿದರೆ ಮೈಯೆಲ್ಲ ತುರಿಕೆ, ಮಕ್ಕಳಿಗೆ ಗುರುತು ಹೇಳಿಕೊಡಿ. ಕಾಡೊಳಗೇ ಟೆಂಟ್ ಹಾಕಬೇಕೆಂದರೆ ಬೇಸಿಗೆಯ ಜಾಗಗಳು ತಿಂಗಳುಗಳ ಮೊದಲೇ ತುಂಬಿಹೋಗುತ್ತವೆ, ಟಿಕೆಟ್ ತೆಗೆದ ಕೂಡಲೇ ಬುಕ್ ಮಾಡಿ.

ಮೂರು ದಿನ ಆಗುವುದೇ ಇಲ್ಲವೆನ್ನುವವರು ಮ್ಯೂರ್ ವುಡ್ಸ್‌ನ ನೂಕುನುಗ್ಗಲಿಗಿಂತ, ಸಾಂಟಾ ಕ್ರೂಜ್ ಬಳಿಯ ಹೆನ್ರಿ ಕೋವೆಲ್ ಪಾರ್ಕಿನ ಹಳೆಯ ತೋಪಿಗೆ ಹೋಗಿ. ಮ್ಯೂರ್ ವುಡ್ಸೇ ಬೇಕೆಂದರೆ ಪಾರ್ಕಿಂಗ್ ಅಥವಾ ಶಟಲ್ ಬಸ್ಸನ್ನು ಮುಂಚೆಯೇ ಕಾಯ್ದಿರಿಸದೆ ಹೊರಡಬೇಡಿ. ಕಾಡು ಚೇತರಿಸಿಕೊಳ್ಳುವುದನ್ನು ಕಾಣುವ ಮನಸ್ಸಿದ್ದರೆ ಬಿಗ್ ಬೇಸಿನ್‌ಗೆ ಹೋಗಿ. 2020ರ ಆಗಸ್ಟ್‌ನ ಕಾಡ್ಗಿಚ್ಚು ಆ ಪಾರ್ಕಿನ ಬಹುಪಾಲನ್ನು ಸುಟ್ಟಿತು. 2022ರಲ್ಲಿ ಒಂದು ಭಾಗ ತೆರೆಯಿತು. ಎಲೆ ಒಂದೂ ಉಳಿಯದೆ ಕಪ್ಪಾಗಿ ನಿಂತ ಬೊಡ್ಡೆಗಳ ಮೈತುಂಬ ಬುಡದಿಂದಲೇ ಹಸಿರು ಚಿಗುರು ಒಡೆದಿದೆ. ಆ ಚಿಗುರಿಗೆ ಮರಗಳು ದಶಕಗಳ ಹಿಂದೆ ಕೂಡಿಟ್ಟ ಸಕ್ಕರೆಯನ್ನು ಬಳಸಿದವೆಂದು ಸಂಶೋಧಕರು ಕಂಡುಕೊಂಡಿದ್ದಾರೆ.

ಸಿಕೋಯಾ ನ್ಯಾಷನಲ್ ಪಾರ್ಕಿನ ಜನರಲ್ ಶೆರ್ಮನ್ ಮರವನ್ನೂ ಇದೇ ಪ್ರವಾಸದಲ್ಲಿ ಸೇರಿಸಲು ಹಲವರು ನೋಡುತ್ತಾರೆ. ಅದು ಬೇರೆ ಜಾತಿ, ಇರುವುದು ಒಳನಾಡಿನ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ, ಪೂರಾ ಬೇರೆ ದಿಕ್ಕು. ಎತ್ತರ 84 ಮೀಟರ್‌ಗೆ ತುಸು ಕಡಿಮೆ. ಗಾತ್ರದಲ್ಲಿ ಲೋಕದ ಒಂಟಿಬೊಡ್ಡೆಯ ಮರಗಳಲ್ಲೆಲ್ಲ ಅದೇ ದೊಡ್ಡದು. ಅದಕ್ಕೆ ಬೇರೆಯೇ ಮೂರು ದಿನ ತೆಗೆದಿಡಿ.