ಸತ್ಯವೇದಾಭ್ಯಾಸವೂ ಆತ್ಮವರಗಳೂ



ಕರ್ತನ ಸೇವೆಗೆ ಸತ್ಯವೇದಾಭ್ಯಾಸವು ಮುಖ್ಯವೋ, ಪವಿತ್ರಾತ್ಮನ ವರಗಳು ಮುಖ್ಯವೋ ಎಂದು ಕೆಲವರು ವಾದಿಸುವುದುಂಟು. ಪಂಡಿತಾ ರಮಾಬಾಯಿಯವರ ಜೀವಿತವು ಇದಕ್ಕೆ ತಕ್ಕ ಉತ್ತರವನ್ನು ಕೊಡುತ್ತದೆ.

ಇವರು 1858ರಲ್ಲಿ ನಮ್ಮ ಕನ್ನಡನಾಡಿನ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಾಯಿಯಿಂದಲೇ ಸಂಸ್ಕೃತವನ್ನು ಕಲಿತರು. 1905ರಲ್ಲಿ ಪುಣೆಯ ಸಮೀಪದ ಕೇಡಗಾಂವದಲ್ಲಿ ಇವರು ನಡಿಸುತ್ತಿದ್ದ ಮುಕ್ತಿ ಸದನದಲ್ಲಿ ಉಜ್ಜೀವನವುಂಟಾಗಿ, ಹುಡುಗಿಯರು ಕಣ್ಣೀರಿನಿಂದ ಪ್ರಾರ್ಥಿಸಿದರು. ರಮಾಬಾಯಿಯವರು ಆ ಅಗ್ನಿಯನ್ನು ನಂದಿಸಲಿಲ್ಲ. ಅದರ ನೆಪದಿಂದ ಅಭ್ಯಾಸವನ್ನು ಬಿಡಲೂ ಇಲ್ಲ. ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು, ಸಾಮಾನ್ಯ ಸ್ತ್ರೀಯರಿಗೂ ತಿಳಿಯುವಂಥ ಮರಾಠಿಗೆ ಸತ್ಯವೇದವನ್ನು ಭಾಷಾಂತರಿಸುವುದರಲ್ಲಿ ವರ್ಷಗಟ್ಟಲೆ ದುಡಿದು, 1922ರಲ್ಲಿ ಮೃತರಾಗುವುದಕ್ಕೆ ಮುಂಚೆ ಅದನ್ನು ಮುಗಿಸಿದರು. ಮುದ್ರಣದ ಕೆಲಸಕ್ಕೆ ಸದನದ ಸ್ತ್ರೀಯರೇ ಕೈಹಚ್ಚಿದರು.

ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ವರಗಳನ್ನು ನಿಷೇಧಿಸಲಿಲ್ಲ. ಅವುಗಳಿಂದ ಸಭೆಗೆ ಭಕ್ತಿವೃದ್ಧಿಯಾಗುತ್ತದೆಯೋ ಎಂಬುದನ್ನು ನೋಡಬೇಕೆಂದನು. ಪ್ರೀತಿಯಿಲ್ಲದ ಜ್ಞಾನವು ಉಬ್ಬಿಸುತ್ತದೆಂದೂ ಅದೇ ಪತ್ರಿಕೆಯಲ್ಲಿ ಎಚ್ಚರಿಸಿದನು. ವಾಕ್ಯವನ್ನರಿಯದ ಉತ್ಸಾಹವು ಇತರರನ್ನು ದಾರಿ ತಪ್ಪಿಸೀತು. ಆತ್ಮನಿಲ್ಲದ ಪಾಂಡಿತ್ಯವು ಯಾರ ದುಃಖವನ್ನೂ ಮುಟ್ಟಲಾರದು.

ಆದುದರಿಂದ ಸ್ತ್ರೀಯರ ಕೂಟದಲ್ಲಿ ಮಾತನಾಡುವುದಕ್ಕೆ ಹೋಗುವವಳು ಮೊದಲು ಆ ಅಧ್ಯಾಯವನ್ನು ಆದ್ಯಂತವಾಗಿ ಓದಲಿ. ಬಳಿಕ ಮೊಣಕಾಲೂರಿ ಪ್ರಾರ್ಥಿಸಲಿ. ಮನೆಗೆ ಹಿಂದಿರುಗಿದ ಮೇಲೆ, "ಚೆನ್ನಾಗಿ ಮಾತನಾಡಿದೆನೇ?" ಎಂದು ಕೇಳಿಕೊಳ್ಳದೆ, "ಕುಗ್ಗಿದ ಒಬ್ಬ ಸಹೋದರಿಗಾದರೂ ಆದರಣೆ ದೊರೆಯಿತೇ?" ಎಂದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲಿ. ಬತ್ತಿಗೆ ಎಣ್ಣೆ ಬೇಕು, ಎಣ್ಣೆಗೆ ಬತ್ತಿ ಬೇಕು. ಎರಡೂ ಕೂಡಿದರೆ ಮಾತ್ರ ಮನೆಗೆ ಬೆಳಕು.