ಸಣ್ಣ ಹಾಯಿದೋಣಿಗೆ ಚುಕ್ಕಾಣಿ ಮತ್ತು ಮೋಟಾರು ಕೂರಿಸುವ ಬಗೆ

ಕುಮಟಾ ತಾಲ್ಲೂಕಿನ ಅಘನಾಶಿನಿ ಹಿನ್ನೀರಿನಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿ ರೈತರಿಗೆ ದೋಣಿಯು ಎತ್ತಿನಗಾಡಿಯಷ್ಟೇ ಅವಶ್ಯಕ. ಬೇಸಾಯಶಾಸ್ತ್ರದವರಿಗೆ ದೋಣಿಯ ಗೊಡವೆ ಏಕೆಂದು ಕೆಲವರು ಕೇಳಬಹುದು. ಬೀಜವೂ ಆಳೂ ಸಕಾಲಕ್ಕೆ ಗದ್ದೆ ಮುಟ್ಟದಿದ್ದರೆ ನಾವು ಹೇಳುವ ಬೇಸಾಯ ಕ್ರಮವೆಲ್ಲ ಕಾಗದದ ಮೇಲೆಯೇ ಉಳಿಯುತ್ತದೆ.

ಎರಡು ತುದಿಯೂ ಚೂಪಾಗಿರುವ, ಸುಮಾರು 5 ಮೀಟರ್ ಉದ್ದದ, ಮನೆಯಲ್ಲೇ ಕಟ್ಟಿದ ಪ್ಲೈವುಡ್ ದೋಣಿಗೆ 20 ಸೆಂ.ಮೀ. ಅಗಲದ, ನೀರಿನೊಳಗೆ 45 ಸೆಂ.ಮೀ. ಇಳಿಯುವ ಚುಕ್ಕಾಣಿ ಸಾಕು. 12 ಮಿ.ಮೀ. ದಪ್ಪದ ಎರಡು ಮೆರೈನ್ ಪ್ಲೈವುಡ್ ಹಾಳೆಗಳನ್ನು ಎಪಾಕ್ಸಿ ಅಂಟಿನಿಂದ ಕೂಡಿಸಿರಿ. ಮುಂದಿನ ಅಂಚನ್ನು ದುಂಡಗೆ, ಹಿಂದಿನ ಅಂಚನ್ನು ತೆಳ್ಳಗೆ ಕೀಸಬೇಕು. ಮುಂದಿನ ಅಂಚಿನಿಂದ ಸುಮಾರು 6 ಸೆಂ.ಮೀ. ಹಿಂದೆ ಅತಿ ಹೆಚ್ಚು ದಪ್ಪವಿರಲಿ. ಚಪ್ಪಟೆ ಹಲಗೆಯನ್ನೇ ಇಳಿಬಿಟ್ಟರೆ ದೋಣಿ ತಿರುಗುತ್ತದೆ, ಆದರೆ ವೇಗ ಕುಂದುತ್ತದೆ.

ಗಜನಿ ಕಾಲುವೆಗಳು ಆಳವಿಲ್ಲದವು. ಆದ್ದರಿಂದ ಅಲಗನ್ನು ಎರಡು ಪಕ್ಕಹಲಗೆಗಳ ನಡುವೆ ಒಂದೇ ಬೋಲ್ಟಿನಲ್ಲಿ ತೂಗಿಸಬೇಕು. ನೆಲ ತಗುಲಿದರೆ ಅದು ತಾನಾಗಿ ಹಿಂದಕ್ಕೆ ಏಳುತ್ತದೆ. ಪ್ಲೈವುಡ್ ತೇಲುವ ವಸ್ತುವಾದ್ದರಿಂದ ಅದನ್ನು ಕೆಳಗೆ ಹಿಡಿದಿಡಲು ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿರಿ. ಮೇಲೆತ್ತಲು ಒಂದು ಹಗ್ಗವಿರಲಿ. ಬೋಲ್ಟಿನ ತೂತಿನಲ್ಲಿ ನೀರು ಇಂಗಿದರೆ ಪ್ಲೈವುಡ್ ಒಳಗಿನಿಂದಲೇ ಕೊಳೆಯುವುದು. ಮೊದಲು ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯುವುದು ಇದಕ್ಕೆ ಪರಿಹಾರ. ಕೆಲಸ ಒಂದು ದಿನ ಹೆಚ್ಚಾಗುತ್ತದೆ, ಆಗಲಿ. ಉಪ್ಪುನೀರಿಗೆ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟುಗಳೇ ಬೇಕು. ಸಾದಾ ಕಬ್ಬಿಣ ಬೇಡ.

ಮೋಟಾರು 2ರಿಂದ 3 ಅಶ್ವಶಕ್ತಿಯದಿದ್ದರೆ ಸಾಕು. ಹಿಂತುದಿ ಚೂಪಾದ್ದರಿಂದ ಅದನ್ನು ಪಕ್ಕದಲ್ಲಿ, ಕುಳಿತವನ ಕೈಗೆಟಕುವಂತೆ ಹಿಂದೆ ಕೂರಿಸಬೇಕು. 15 ಸೆಂ.ಮೀ. ಅಗಲ, 4 ಸೆಂ.ಮೀ. ದಪ್ಪದ ಸಾಗುವಾನಿ ಹಲಗೆಯನ್ನು ದೋಣಿಯ ಎರಡು ಅಂಚುಗಳ ಮೇಲೆ ಅಡ್ಡಲಾಗಿ ಮಲಗಿಸಿ, ಎರಡೂ ಕಡೆ ಎರಡೆರಡು ಬೋಲ್ಟುಗಳಿಂದ ಬಿಗಿಯಿರಿ. ಹೊರಚಾಚಿದ ತುದಿಗೆ ಮೋಟಾರು ಕಚ್ಚುವ ನಿಲುವು ಹಲಗೆಯನ್ನು ಕೂಡಿಸಿ, ತ್ರಿಕೋನದ ಆಸರೆ ಕೊಡಿರಿ. ಫ್ಯಾನು ನೀರಿನಡಿಯಲ್ಲಿ ಮುಂದಕ್ಕೆ ತಳ್ಳುವಾಗ ಅಡ್ಡಹಲಗೆ ತಿರುಚಿಕೊಳ್ಳುತ್ತದೆ. ಆಸರೆಯಿಲ್ಲದ ಜೋಡಣೆ ಮುರಿಯುವುದು ಇಲ್ಲಿಯೇ. ನಿಲುವು ಹಲಗೆಯ ಎತ್ತರವನ್ನು ಬರಿದೋಣಿ ನೀರಿನಲ್ಲಿರುವಾಗ ಗೊತ್ತುಮಾಡಬೇಕು. ಫ್ಯಾನಿನ ಮೇಲಿನ ಅಡ್ಡತಟ್ಟೆ ಆಗಲೂ ನಾಲ್ಕೈದು ಸೆಂ.ಮೀ. ಮುಳುಗಿರಬೇಕು, ಇಲ್ಲವಾದರೆ ಫ್ಯಾನು ಗಾಳಿ ಎಳೆದುಕೊಂಡು ಬರಿದೇ ತಿರುಗುತ್ತದೆ. ಮೋಟಾರಿಗೆ ಪ್ರತ್ಯೇಕ ಸರಪಳಿ ಕಟ್ಟಿರಿ.

ಒಂದು ಕಡೆ ಹದಿನೈದು ಕಿಲೋ ತೂಗುವಾಗ ಮೂಟೆಗಳನ್ನು ಎದುರು ಪಕ್ಕಕ್ಕೆ ಸ್ವಲ್ಪ ಸರಿಸಿ, ತಳಕ್ಕೆ ಹೊಂದಿಸಿರಿ. ಪೂರ್ಣ ವೇಗದಲ್ಲಿ ಗಕ್ಕನೆ ತಿರುಗಿಸಿದರೆ ತುಂಬಿದ ದೋಣಿ ಮಗುಚುವುದು. ಚುಕ್ಕಾಣಿಯ ಮೇಲೆ ನೀರು ಹರಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಇಳಿತದ ಸೆಳವಿನಲ್ಲಿ ಮೋಟಾರು ನಿಂತು, ದೋಣಿ ನೀರಿನ ಜೊತೆಯಲ್ಲೇ ತೇಲುವಾಗ ಹಿಡಿಕೆ ಎಷ್ಟು ತಿರುವಿದರೂ ಪ್ರಯೋಜನವಿಲ್ಲ. ಆದುದರಿಂದ ಹುಟ್ಟನ್ನು ಮನೆಯಲ್ಲಿ ಬಿಟ್ಟು ಹೊರಡಬೇಡಿರಿ. ಕುಳಿತವರೆಲ್ಲರಿಗೂ ಜೀವರಕ್ಷಕ ಜಾಕೆಟ್ ಇರಲಿ. ಮೋಟಾರು ಕೂರಿಸಿದ ದೋಣಿಗೆ ನೋಂದಣಿಯ ವಿಷಯವನ್ನು ಹತ್ತಿರದ ಬಂದರು ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿರಿ.