ಕೀಂಯ್ ಎನ್ನುವ ಶೂ, ಗರಗರ ಎನ್ನುವ ವೈಪರ್

ಪ್ರಶ್ನೆ: ಒಳಾಂಗಣ ಶಟಲ್ ಕೋರ್ಟಿನಲ್ಲಿ ಓಡಿ ಗಕ್ಕನೆ ನಿಂತರೆ ನನ್ನ ಹೊಸ ಶೂ ‘ಕೀಂಯ್’ ಎನ್ನುತ್ತದೆ. ಮನೆಯ ಸಿಮೆಂಟ್ ಅಂಗಳದಲ್ಲಿ ಸದ್ದೇ ಇಲ್ಲ. ಶೂ ಕಳಪೆಯದೇ?
– ಓದುಗರು, ತುಮಕೂರು

ಉತ್ತರ: ಕಳಪೆಯಲ್ಲ, ಹಿಡಿತ ಚೆನ್ನಾಗಿರುವುದಕ್ಕೇ ಆ ಸದ್ದು. ಮೆದು ರಬ್ಬರು ನುಣುಪಾದ ಮರದ ನೆಲಕ್ಕೆ ಸಂದಿಲ್ಲದಂತೆ ಕಚ್ಚಿಕೊಳ್ಳುತ್ತದೆ. ನೀವು ನಿಲ್ಲಲು ಹೋದಾಗ ಪಾದ ಮುಂದೆ ಸರಿಯುತ್ತದೆ, ಶೂ ಅಟ್ಟೆಯ ತಳ ನೆಲ ಬಿಡುವುದಿಲ್ಲ. ನಡುವಿನ ರಬ್ಬರು ಓರೆಯಾಗಿ ಎಳೆದುಕೊಳ್ಳುತ್ತದೆ. ಎಳೆತ ಮಿತಿ ಮೀರಿತೋ, ತಳ ಜಾರಿ ಮುಂದೆ ಹಾರಿ ಮತ್ತೆ ಕಚ್ಚುತ್ತದೆ. ಈ ಕಚ್ಚು–ಜಾರು ಆಟ ಸೆಕೆಂಡಿಗೆ ಸಾವಿರಾರು ಸಲ ನಡೆದಾಗ ಕಿವಿಗೆ ಕೀಚಲು.

ಇಡೀ ತಳ ಒಟ್ಟಿಗೇ ಜಾರುತ್ತದೆ ಎಂದುಕೊಳ್ಳಬೇಡಿ. ಮೆದು ರಬ್ಬರಿನ ರೀತಿಯೇ ಬೇರೆ. ಅದು ಗಟ್ಟಿ ಮೈಮೇಲೆ ಸರಿಯುವಾಗ ಮುಂದಿನ ಅಂಚು ಮುದುಡಿ, ನೆಲದಿಂದ ಬಿಟ್ಟುಕೊಂಡ ಸಣ್ಣ ಮಡಿಕೆಗಳು ಹಿಂದಕ್ಕೆ ಓಡುವುದನ್ನು ಭೌತವಿಜ್ಞಾನಿ ಅಡಾಲ್ಫ್ ಶಾಲಮಾಖ್ 1971ರಲ್ಲಿ ತೋರಿಸಿದರು. ಭಾರದ ಜಮಖಾನೆಯನ್ನು ಎಳೆಯಲಾಗದೆ ಮಡಿಕೆ ಎಬ್ಬಿಸಿ ಸರಿಸುತ್ತೇವಲ್ಲ, ಹಾಗೆ.

ಇನ್ನು ಶ್ರುತಿ. ಘರ್ಷಣೆ ಬರೀ ತಳ್ಳುತ್ತದೆ. ಯಾವ ಸ್ವರ ಎಂಬುದನ್ನು ಹೆಚ್ಚಾಗಿ ರಬ್ಬರಿನ ಗಡಸುತನ, ದಪ್ಪ, ತಳದ ಉಬ್ಬುಗೆರೆಗಳು ನಿರ್ಧರಿಸುತ್ತವೆ. ಅವುಗಳ ಸಹಜ ಕಂಪನಕ್ಕೆ ಕಚ್ಚು–ಜಾರು ತಾಳ ಹಾಕಿದಾಗ ಅನುರಣನವಾಗಿ ಸದ್ದು ಹಿಗ್ಗುತ್ತದೆ. ನಿಮ್ಮ ಸಿಮೆಂಟ್ ಅಂಗಳ ಒರಟು, ಮೇಲೆ ಧೂಳು ಬೇರೆ. ರಬ್ಬರಿಗೆ ಅಲ್ಲಲ್ಲಿ ಮಾತ್ರ ಹಿಡಿತ ಸಿಕ್ಕುವುದರಿಂದ ತಾಳ ಕೂಡುವುದಿಲ್ಲ.

ಪ್ರಶ್ನೆ: ಮಗಳು ಪಿಟೀಲು ಕಲಿಯುತ್ತಿದ್ದಾಳೆ. ಕಮಾನಿಗೆ ರೋಸಿನ್ ಹಚ್ಚದಿದ್ದರೆ ನಾದವೇ ಹೊರಡದು. ಏಕೆ?
– ಓದುಗರು, ಮೈಸೂರು

ಉತ್ತರ: ರೋಸಿನ್ ಇಲ್ಲದ ಕುದುರೆಕೂದಲು ತಂತಿಯ ಮೇಲೆ ಸುಮ್ಮನೆ ಜಾರಿಹೋಗುತ್ತದೆ. ರೋಸಿನ್ ಇದ್ದರೆ ತಂತಿ ಕೂದಲಿಗೆ ಅಂಟಿ ಅದರೊಂದಿಗೇ ಸಾಗುತ್ತದೆ. ಜಾರಿದ ಕ್ಷಣ ರೋಸಿನ್ ಬಿಸಿಯಾಗಿ ಮೆದುವಾಗುತ್ತದೆ, ಹಿಡಿತ ಸಡಿಲುತ್ತದೆ. ತಂತಿಯುದ್ದಕ್ಕೂ ಓಡಾಡುವ ಒಂದು ಮೊನಚು ಬಾಗು ಪ್ರತಿ ಸುತ್ತಿಗೊಮ್ಮೆ ಬಂದು ತಂತಿಯನ್ನು ಬಿಡಿಸುತ್ತದೆ. ಇದನ್ನು ಕಂಡವರು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್. ಕಮಾನು ನಿಧಾನವಾಗಲಿ, ಜೋರಾಗಲಿ, ಷಡ್ಜ ಷಡ್ಜವೇ ಆಗಿರುವುದು ಆ ಬಾಗಿನಿಂದ. ನಮ್ಮ ಸಿ.ವಿ. ರಾಮನ್ ರಾಮನ್ ಪರಿಣಾಮಕ್ಕೂ 10 ವರ್ಷ ಮೊದಲೇ, 1918ರಲ್ಲಿ, ಕಮಾನು ಎಳೆದ ತಂತಿಗಳ ಬಗ್ಗೆ ದೊಡ್ಡ ಪ್ರಬಂಧವನ್ನೇ ಬರೆದಿದ್ದರು. ನೊಬೆಲ್‌ನ ಗದ್ದಲದಲ್ಲಿ ಅದನ್ನು ನಾವು ಮರೆತೇಬಿಟ್ಟಿದ್ದೇವೆ.

ಪ್ರಶ್ನೆ: ಜೋರು ಮಳೆಯಲ್ಲಿ ಸುಮ್ಮನಿರುವ ವೈಪರ್, ತುಂತುರಿಗೆ ಇಳಿದೊಡನೆ ಗರಗರ ಎನ್ನುತ್ತದೆ.
– ಓದುಗರು, ಮಡಿಕೇರಿ

ಉತ್ತರ: ನೀರಿನ ಪದರ ಇರುವವರೆಗೆ ಬ್ಲೇಡ್ ತೇಲಿಕೊಂಡು ಸಾಗುತ್ತದೆ, ಅರೆ ಒಣಗಿದ ಗಾಜಿನಲ್ಲಿ ರಬ್ಬರು ಕಚ್ಚುತ್ತದೆ. ಗಾಜನ್ನು ಸೋಪಿನ ನೀರಿನಲ್ಲಿ ತೊಳೆದು, ಬ್ಲೇಡಿನ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬಿಸಿಲಿಗೆ ರಬ್ಬರು ಗಡಸಾಗಿದ್ದರೆ ಬದಲಿಸಿ. ಎಣ್ಣೆ ಮಾತ್ರ ಹಚ್ಚಬೇಡಿ. ಸದ್ದು ಅಡಗುತ್ತದೆ, ಆದರೆ ರಾತ್ರಿ ಘಾಟಿಯಲ್ಲಿ ಎದುರು ಗಾಡಿಯ ಲೈಟು ಗಾಜಿನ ತುಂಬ ಹರಡಿ ದಾರಿಯೇ ಕಾಣದು.